ಬುಧವಾರದ ಊಟಕ್ಕೆ ಕರೆಯುವ ಮುಂಚೆ

ಪ್ರತಿ ಬುಧವಾರ ರಾತ್ರಿ ಶಿವಮೊಗ್ಗದ ರಾಗಿಗುಡ್ಡದ ನಿನ್ನ ಮನೆಯಲ್ಲಿ ನೆಂಟರಿಗೂ ಸ್ನೇಹಿತರಿಗೂ ಊಟ ಎಂದು ನೀನು ಸಾರಿದ್ದು ಕೇಳಿ ನನಗೆ ತುಂಬ ಸಂತೋಷವಾಯಿತು ಮಗಾ. ಈ ಕಾಲದಲ್ಲಿ ಹೊಸ ಮನೆ ಮಾಡಿದವರು ಮೊದಲು ಗೇಟಿಗೆ ಬೀಗ ತರುತ್ತಾರೆ. ನೀನು ಜನರನ್ನು ಕರೆಯುವ ಮಾತಾಡಿದೆ. ನಿನ್ನ ಕೈ ದೊಡ್ಡದು, ಮನಸ್ಸು ಇನ್ನೂ ದೊಡ್ಡದು. ಅವಸರ ಮಾತ್ರ ಎರಡಕ್ಕಿಂತಲೂ ದೊಡ್ಡದು. ಮೊದಲ ವಾರಕ್ಕೇ ಇಪ್ಪತ್ತು ಜನರ ಪಟ್ಟಿ, ಪನ್ನೀರಿನದು ಎರಡು ಬಗೆ, ಪಲಾವ್, ಜಾಮೂನು, ಹೋಟೆಲಿನಿಂದ ತರಿಸುವ ರೋಟಿ. ಆ ಪಟ್ಟಿ ಓದುವಾಗಲೇ ನಿನ್ನ ನಾಲ್ಕನೇ ಬುಧವಾರ ನನ್ನ ಕಣ್ಣಿಗೆ ಕಟ್ಟಿತು. ಅವತ್ತು ನಿನಗೆ ಆಫೀಸಿನಲ್ಲಿ ತಡ, ನಿನ್ನ ಹೆಂಡತಿಗೆ ತಲೆನೋವು, ಬಚ್ಚಲಲ್ಲಿ ಹಿಂದಿನ ದಿನದ ಪಾತ್ರೆ, ಗ್ರೂಪಿನಲ್ಲಿ ‘ಈ ವಾರ ಬೇಡ, ಸಾರಿ’ ಎಂಬ ಮೆಸೇಜು. ಐದನೇ ವಾರ ಆ ಮೆಸೇಜೂ ಬರುವುದಿಲ್ಲ.

ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ಒಂದು ಸಲ ಕರೆದು ಊಟ ಹಾಕುವುದು ಯಾರಿಗೂ ಬರುತ್ತದೆ. ವಾರ ವಾರ ಹಾಕಬೇಕೆಂದರೆ ಹಬ್ಬದೂಟದ ಆಸೆ ಬಿಡಬೇಕು. ನೀನು ಮಂಗಳವಾರ ರಾತ್ರಿ ಏನು ಉಂಡೆಯೋ ಬುಧವಾರ ಬಂದವರೂ ಅದನ್ನೇ ಉಣ್ಣಬೇಕು, ಪಾತ್ರೆ ಒಂದು ಅಳತೆ ದೊಡ್ಡದಾಗಿರಬೇಕು, ಅಷ್ಟೆ. ಇಷ್ಟು ಒಪ್ಪಿಕೊಂಡರೆ ಮುಂದಿನ ಮಾತು ಕೇಳು. ಒಪ್ಪದಿದ್ದರೆ ವರ್ಷಕ್ಕೊಂದು ಸತ್ಯನಾರಾಯಣ ಪೂಜೆ ಮಾಡಿಸಿ ಎಲ್ಲರನ್ನೂ ಕರೆ, ಅದೂ ಒಳ್ಳೆಯದೇ.

ಇದೇನೋ ಪಟ್ಟಣದವರ ಹೊಸ ರೂಢಿ ಎಂದು ನೀನು ತಿಳಿದಿದ್ದೀಯ. ನಮ್ಮ ಕಡೆ ಇದಕ್ಕೆ ಬಹಳ ಹಳೆಯ ದಾರಿ ಇದೆ. ಓದಲೆಂದು ಪೇಟೆಗೆ ಬಂದ ಬಡ ಹುಡುಗರಿಗೆ ವಾರಾನ್ನ ಎಂಬುದಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಊರೂರಿಗೆ ಹಾಸ್ಟೆಲುಗಳು ಬರುವ ಮುಂಚೆ ಎಷ್ಟೋ ಹುಡುಗರು ಹಾಗೆ ಉಂಡೇ ಓದಿ ಮೇಷ್ಟ್ರಾದರು, ವಕೀಲರಾದರು. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ ಓದು, ಅನ್ನಕ್ಕೂ ಓದಿಗೂ ಒಟ್ಟಿಗೆ ಅಲೆದ ಹುಡುಗನ ಪಾಡು ಗೊತ್ತಾಗುತ್ತದೆ. ವಾರಾನ್ನದಲ್ಲಿ ಕೊಳಕೂ ಇತ್ತು, ಮುಚ್ಚಿಡುವುದಿಲ್ಲ. ಜಾತಿ ಕೇಳಿ ಕೊಡುತ್ತಿದ್ದರು. ಕೆಲವು ಮನೆಗಳಲ್ಲಿ ಹುಡುಗನನ್ನು ಜಗಲಿಯ ಮೂಲೆಯಲ್ಲಿ ಕೂರಿಸಿ, ಮನೆಮಂದಿಗೆ ತುಪ್ಪ ಬಡಿಸಿ ಅವನಿಗೆ ಬಡಿಸುತ್ತಿರಲಿಲ್ಲ. ಆ ಭಾಗವನ್ನು ನೀನು ಸುಟ್ಟು ಹಾಕು. ಆದರೆ ಒಂದು ವಿಷಯ ಅವರಿಂದ ಕಲಿ. ಹುಡುಗ ಬರುತ್ತಾನೆಂದು ಯಾರೂ ಹೋಳಿಗೆ ತಟ್ಟುತ್ತಿರಲಿಲ್ಲ. ಮನೆಯಲ್ಲಿ ಅವತ್ತು ಏನಿದೆಯೋ ಅದು. ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದರಾಯಿತು. ಅದರಿಂದಲೇ ಅದು ವರ್ಷಗಟ್ಟಲೆ ನಡೆಯಿತು.

ಬುಧವಾರ ಎಂದು ಆರಿಸಿದ್ದು ನೀನೋ ನಿನ್ನ ಹೆಂಡತಿಯೋ? ಅವಳೇ ಇರಬೇಕು, ಏಕೆಂದರೆ ಆಯ್ಕೆ ಸರಿಯಾಗಿದೆ. ನಮ್ಮೂರಲ್ಲಿ ಸೋಮವಾರ ಎಂದರೆ ಅರ್ಧ ಜನ ಶಿವನ ವಾರ ಎಂದು ಒಪ್ಪತ್ತು. ಮಂಗಳವಾರ, ಶುಕ್ರವಾರ ದೇವಿಯ ವಾರ. ಗುರುವಾರ ರಾಯರದ್ದು. ಶನಿವಾರ ಕೋಟೆ ಆಂಜನೇಯನ ಗುಡಿಗೆ ಹೋಗುವವರು ರಾತ್ರಿ ಉಪ್ಪಿಟ್ಟೋ ಅವಲಕ್ಕಿಯೋ ತಿಂದು ಮಲಗುತ್ತಾರೆ. ಭಾನುವಾರ ಮದುವೆ, ಗೃಹಪ್ರವೇಶ, ನಾಮಕರಣ. ಎಲ್ಲರೂ ಎಲ್ಲವನ್ನೂ ಉಣ್ಣುವ ವಾರ ಬುಧವಾರವೊಂದೇ. ನಡುವೆ ಏಕಾದಶಿ ಬಿದ್ದರೆ ಉಪವಾಸ ಇರುವವರು ಬಂದು ಹಣ್ಣು ತಿಂದು ಮಾತಾಡಿ ಹೋಗಲಿ. ರಂಜಾನ್ ತಿಂಗಳಲ್ಲಿ ಉಪವಾಸದ ಸ್ನೇಹಿತರಿದ್ದರೆ ಊಟದ ಹೊತ್ತನ್ನು ಅವರಿಗೆ ಹೊಂದುವ ಹಾಗೆ ಇಟ್ಟುಕೋ. ಅಷ್ಟಕ್ಕೆಲ್ಲ ದಿನ ಬದಲಿಸಬೇಡ. ದಿನ ಬದಲಾಗತೊಡಗಿದರೆ ಜನ ಫೋನು ಮಾಡಿ ಕೇಳತೊಡಗುತ್ತಾರೆ, ಆಮೇಲೆ ಕೇಳುವುದನ್ನೂ ಬಿಡುತ್ತಾರೆ.

ಇನ್ನು ಅಡುಗೆಗೆ ಬಾ. ಇಲ್ಲೇ ನಿನ್ನಂಥವರು ಮುಗ್ಗರಿಸುವುದು. ಅನ್ನ, ಒಂದು ಸಾರು ಅಥವಾ ಹುಳಿ, ಒಂದು ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ. ಇಷ್ಟಕ್ಕಿಂತ ಮೇಲೆ ಹೋಗಬೇಡ. ಹಪ್ಪಳ ಕರಿದರೆ ಅದೇ ಹಬ್ಬ. ಇಪ್ಪತ್ತು ಜನ ಬೇಡ, ಎಂಟು ಸಾಕು. ಎಂಟು ಜನಕ್ಕೆ ಮೂರು ಪಾವು ಅಕ್ಕಿ, ಇನ್ನರ್ಧ ಪಾವು ಮೀಸಲು, ಸಾರಿಗೆ ಒಂದು ಪಾವು ತೊಗರಿಬೇಳೆ. ಹಿಂದಿನ ರಾತ್ರಿ ಒಂದು ಲೀಟರು ಹಾಲಿಗೆ ಹೆಪ್ಪು ಹಾಕಿಟ್ಟರೆ ಎಂಟು ಜನಕ್ಕೂ ಧಾರಾಳ ಮಜ್ಜಿಗೆ. ಮೊದಲ ತಿಂಗಳು ಅಳತೆ ತಪ್ಪಿದರೆ ಹೆಚ್ಚಿನ ಕಡೆಗೇ ತಪ್ಪಲಿ. ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಕಡಿಮೆ ಬಿದ್ದರೆ ಬಂದವರು ಅರ್ಧ ಹೊಟ್ಟೆಯಲ್ಲಿ ‘ಸಾಕು ಸಾಕು’ ಎನ್ನುತ್ತಾರೆ, ಅದನ್ನು ನೀನು ನಿಜವೆಂದು ನಂಬುತ್ತೀಯ.

ಅಕ್ಕಿರೊಟ್ಟಿ ಮಾಡುತ್ತೇನೆ ಅಂದೆಯಂತೆ. ನಿನ್ನ ಪ್ರೀತಿ ನನಗೆ ಗೊತ್ತು, ಆದರೆ ರೊಟ್ಟಿ, ದೋಸೆ, ಪೂರಿ, ಚಪಾತಿ ಇವು ವಾರದೂಟಕ್ಕೆ ಆಗುವುದಿಲ್ಲ. ಬಿಸಿಬಿಸಿ ಕೊಡಬೇಕೆಂದರೆ ಒಬ್ಬರು ಕೊನೆಯವರೆಗೂ ಒಲೆಯ ಮುಂದೆ ನಿಲ್ಲಬೇಕು. ಹೊರಗೆ ನಗು, ಒಳಗೆ ಅವರೊಬ್ಬರೇ. ಅದಕ್ಕೆ ಬದಲು ಕಡುಬು ಮಾಡು. ಅಕ್ಕಿತರಿ ಬೇಯಿಸಿ ಉಂಡೆ ಕಟ್ಟಿ ಹಬೆಗಿಟ್ಟರೆ ಎಲ್ಲ ಒಂದೇ ಸಲ ಇಳಿಯುತ್ತದೆ. ತಿನ್ನುವವರಿಗೆ ಕೋಳಿಸಾರು, ತಿನ್ನದವರಿಗೆ ಕಾಯಿಚಟ್ನಿಯೋ ಹೆಸರುಕಾಳಿನ ಸಾರೋ. ಇನ್ನೊಂದು ವಾರ ಮುದ್ದೆ, ಬಸ್ಸಾರು. ಎಂಟು ಮುದ್ದೆ ಕಟ್ಟಲು ರಟ್ಟೆ ಬೇಕು, ಆ ರಟ್ಟೆ ನಿನ್ನದೇ ಆಗಿರಲಿ. ಬಸಿದ ಸೊಪ್ಪಿಗೂ ಕಾಳಿಗೂ ಒಗ್ಗರಣೆ ಹಾಕಿದರೆ ಪಲ್ಯ, ಬಸಿದ ಕಟ್ಟಿನಿಂದ ಸಾರು. ಒಂದೇ ಪಾತ್ರೆಯಿಂದ ಎರಡು ಅಡುಗೆ ತೆಗೆಯುವ ಇಂಥ ಜಾಣತನ ನಮ್ಮ ಹೆಂಗಸರದ್ದು. ಮತ್ತೊಂದು ವಾರ ಬೂದುಗುಂಬಳದ ಮಜ್ಜಿಗೆಹುಳಿ. ಬೇಸಿಗೆಯಲ್ಲಿ ತಂಬುಳಿ: ಹಿತ್ತಿಲ ದೊಡ್ಡಪತ್ರೆಯೋ ಒಂದೆಲಗವೋ ಜೀರಿಗೆ, ಮೆಣಸು, ಕಾಯಿಯ ಜೊತೆ ಅರೆದು ಮಜ್ಜಿಗೆ ಬೆರೆಸಿದರೆ ಮುಗಿಯಿತು. ಒಳ್ಳೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಜಾಡಿ ಮನೆಯಲ್ಲಿದ್ದರೆ ಯಾವ ಸಾರಿನ ಸಪ್ಪೆಯೂ ಮುಚ್ಚಿಹೋಗುತ್ತದೆ. ಹೀಗೆ ನಾಲ್ಕು ವಾರಕ್ಕೆ ನಾಲ್ಕು ಅಡುಗೆ ಗೊತ್ತು ಮಾಡಿಕೋ, ಐದನೇ ವಾರ ಮತ್ತೆ ಮೊದಲಿನದು. ಜನಕ್ಕೆ ಬೇಸರ ಬರುವುದಿಲ್ಲವೇ ಎನ್ನುತ್ತೀಯ. ಇಲ್ಲ ಮಾರಾಯ. ‘ಈ ವಾರ ಬಸ್ಸಾರು’ ಎಂದು ಕಾದು ಬರುತ್ತಾರೆ.

ಮಳೆಗಾಲದಲ್ಲಿ ಆಸೆಗೆ ಬಿದ್ದು ಕಳಲೆ ತಂದರೆ ಒಂದು ಎಚ್ಚರ. ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಬೇಕು, ಇಲ್ಲದಿದ್ದರೆ ಕಹಿಯಷ್ಟೇ ಅಲ್ಲ, ಮೈಗೂ ಕೆಟ್ಟದ್ದು. ಬುಧವಾರದ ಕಳಲೆಯನ್ನು ಬುಧವಾರ ಬೆಳಿಗ್ಗೆ ತರುವಂತಿಲ್ಲ. ಕೆಸುವಿನ ಸೊಪ್ಪಿಗೂ ಅಷ್ಟೆ, ಹುಣಸೆಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಹೊಸ ಅಡುಗೆಯನ್ನು ನಿಮ್ಮಿಬ್ಬರ ಮೇಲೆ ಮೊದಲು ಪರೀಕ್ಷೆ ಮಾಡು, ಬಂದವರ ಮೇಲಲ್ಲ.

ಈಗ ನಾನು ಹೇಳಲೇಬೇಕಾದ ಮಾತು. ಬುಧವಾರದ ಊಟಕ್ಕೆ ಕರೆದದ್ದು ನೀನು. ಬೇಯಿಸುವುದು ಯಾರು?

ನಮ್ಮ ಕಾಲದಲ್ಲಿ ಮಲೆನಾಡಿನ ದೊಡ್ಡ ಮನೆಗಳ ಅತಿಥಿ ಸತ್ಕಾರವನ್ನು ಎಲ್ಲರೂ ಹೊಗಳುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ ಬಿಸಿ ಅನ್ನ, ನಾಲ್ಕು ಸಲ ಉಪಚಾರ. ಯಜಮಾನರಿಗೆ ಹೆಸರು ಬಂತು. ಒಳಗೆ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಎರಡನೇ ಸಲ ಅನ್ನಕ್ಕಿಟ್ಟವಳ ಹೆಸರು ಯಾರಿಗೂ ಗೊತ್ತಿಲ್ಲ. ಗಂಡಸರ ಪಂಕ್ತಿ, ಆಮೇಲೆ ಮಕ್ಕಳು, ಆಮೇಲೆ ವಯಸ್ಸಾದ ಹೆಂಗಸರು, ಕೊನೆಗೆ ಬಡಿಸಿದವರು. ಅಷ್ಟು ಹೊತ್ತಿಗೆ ಪಲ್ಯ ಮುಗಿದಿರುತ್ತಿತ್ತು, ಸಾರು ತಣ್ಣಗಾಗಿರುತ್ತಿತ್ತು. ಹಾಗೆ ಉಂಡವಳು ನಾನು, ನನ್ನಂಥವರು ಊರು ತುಂಬ ಇದ್ದಾರೆ. ಆ ಅನ್ನದ ರುಚಿ ನಿನ್ನ ಹೆಂಡತಿಗೆ ಗೊತ್ತಾಗುವುದು ನನಗೆ ಬೇಡ.

ಅವಳೂ ನಿನ್ನ ಹಾಗೆಯೇ ಸಂಜೆ ಆರಕ್ಕೆ ಕೆಲಸದಿಂದ ಬರುತ್ತಾಳೆ. ನೀನು ಹಾಲಿನಲ್ಲಿ ಕೂತು ಬಂದವರನ್ನು ನಗಿಸುತ್ತ, ನಡುವೆ ‘ಸ್ವಲ್ಪ ನೀರು ತರ್ತೀಯಾ’ ಎಂದು ಕೂಗಿದರೆ ಅದು ಅತಿಥಿ ಸತ್ಕಾರವಲ್ಲ, ಅವಳಿಗೆ ನೀನು ಹಚ್ಚಿದ ಎರಡನೇ ಡ್ಯೂಟಿ. ಅನ್ನ ಸಾರು ನೀನೇ ಕಲಿ. ಕುಕ್ಕರಿಗೆ ಗಂಡಸು ಹೆಂಗಸು ಎಂಬ ಭೇದ ಇಲ್ಲ. ಒಂದು ವಾರ ನೀನು ಬೇಯಿಸಿದರೆ ಅವಳು ಪಲ್ಯ ಹೆಚ್ಚಿಕೊಡಲಿ, ಮುಂದಿನ ವಾರ ತಿರುಗಾಮುರುಗಾ. ಮಂಗಳವಾರ ರಾತ್ರಿಯೇ ತರಕಾರಿ ತಂದು, ಕಾಳು ನೆನೆಸಿ, ಸಾರಿನ ಪುಡಿ ನೋಡಿಟ್ಟುಕೋ. ಬುಧವಾರ ಸಂಜೆ ಗಾಂಧಿ ಬಜಾರಿಗೆ ಓಡಿದರೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ನಿನ್ನ ಸಾರು ಕುದಿಯುವ ಹೊತ್ತು ಕಳೆದಿರುತ್ತದೆ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಬೇಕು, ಬೇಯಿಸಿದವರೂ ಸೇರಿ. ಪಾತ್ರೆಗಳನ್ನು ನಡುವೆ ಇಡು, ಬೇಕಾದವರು ಬಡಿಸಿಕೊಳ್ಳಲಿ. ತಟ್ಟೆ ತೊಳೆಯುವುದೇ ಕಷ್ಟ ಎನಿಸಿದ ವಾರ ಅಡಿಕೆ ಹಾಳೆ ತಟ್ಟೆ ತಾ. ಪಾತ್ರೆ ಉಜ್ಜುವುದು ಮಾತ್ರ ಮಲಗುವ ಮುಂಚೆ, ಇಬ್ಬರೂ ಸೇರಿ. ಗುರುವಾರ ಬೆಳಿಗ್ಗೆ ಬಚ್ಚಲಲ್ಲಿ ಒಣಗಿದ ಪಾತ್ರೆ ನೋಡಿದ ದಿನವೇ ಅವಳ ಉತ್ಸಾಹ ಇಳಿಯುತ್ತದೆ. ಅವಳು ಒಂದು ವಾರ ‘ಬೇಡ’ ಎಂದರೆ ಬೇಡ. ಅದಕ್ಕೆ ಕಾರಣ ಕೇಳಬೇಡ.

ಉಣ್ಣಿಸುವುದಕ್ಕೆ ಇನ್ನೊಂದು ಬಗೆಯೂ ಇತ್ತು. ಅದನ್ನು ನಾನು ಕಂಡದ್ದು ನಾವಿದ್ದ ಭದ್ರಾವತಿಯ ಕ್ವಾರ್ಟರ್ಸಿನಲ್ಲಿ. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಅದನ್ನು ಹಿಂಬಾಲಿಸಿ ಕಾಗದದ ಕಾರ್ಖಾನೆ ಬಂತು. ಕೆಲಸ ಹುಡುಕಿ ತಮಿಳರು, ತೆಲುಗರು, ಮಲೆಯಾಳಿಗಳು, ನಮ್ಮ ಬಯಲುಸೀಮೆಯವರು ಎಲ್ಲ ಬಂದು ಒಂದೇ ಸಾಲಿನ ಮನೆಗಳಲ್ಲಿ ನೆಲೆಸಿದರು. ಪಾಳಿಯ ಕೆಲಸ ನೋಡು. ಒಬ್ಬ ಗಂಡಸು ಉಣ್ಣುವ ಹೊತ್ತಿಗೆ ಪಕ್ಕದ ಮನೆಯವನು ಡ್ಯೂಟಿಗೆ ಹೊರಡುತ್ತಿದ್ದ. ಮಕ್ಕಳು ಯಾರ ಮನೆಯಲ್ಲಿ ತಟ್ಟೆ ಹಾಕಿದ್ದಾರೋ ಅಲ್ಲೇ ಕೂರುತ್ತಿದ್ದರು. ಪಕ್ಕದವರ ಮನೆಯ ರಸಂ ನಮಗೆ ಬರುತ್ತಿತ್ತು, ನಮ್ಮ ಮನೆಯ ಹುಳಿ ಅವರಿಗೆ ಹೋಗುತ್ತಿತ್ತು. ಯಾರೂ ಕರೆಯುತ್ತಿರಲಿಲ್ಲ, ಯಾರೂ ‘ಥ್ಯಾಂಕ್ಸ್’ ಹೇಳುತ್ತಿರಲಿಲ್ಲ. ಒಬ್ಬ ಹೆಂಗಸು ಬಾಣಂತಿಯಾದರೆ ಎದುರು ಮನೆಯವಳಿಗೆ ಅವಳ ಸಾರಿನ ಹದ ಗೊತ್ತಿರುತ್ತಿತ್ತು, ಯಾವ ಮಗುವಿಗೆ ಖಾರ ಆಗದು ಎಂಬುದೂ ಗೊತ್ತಿರುತ್ತಿತ್ತು. ಇಷ್ಟೆಲ್ಲ ಗೊತ್ತಾಗಲು ಯಾರೂ ದೊಡ್ಡ ಸಮಾರಂಭ ಮಾಡಲಿಲ್ಲ. ದಿನಾ ಸಣ್ಣ ಸಣ್ಣ ಬಟ್ಟಲು ಓಡಾಡಿದವು, ಅಷ್ಟೇ. ನೀನು ಕಟ್ಟಬೇಕಾದ್ದು ಇದನ್ನು.

ಹಾಗಾಗಿ ಯಾರನ್ನು ಕರೆಯುತ್ತೀಯ ಎಂಬುದು ಏನು ಬೇಯಿಸುತ್ತೀಯ ಎಂಬುದಕ್ಕಿಂತ ದೊಡ್ಡ ಮಾತು. ನಿನ್ನ ಪಟ್ಟಿಯಲ್ಲಿ ಆಫೀಸಿನವರು ಎಂಟು ಜನ. ಅವರನ್ನು ನೀನು ಹಗಲೆಲ್ಲ ನೋಡುತ್ತೀಯ, ರಾತ್ರಿಯೂ ಅದೇ ಮುಖ, ಅದೇ ಮಾತು ಯಾಕೆ? ಅವರಲ್ಲಿ ಇಬ್ಬರು ಸಾಕು. ವಿನೋಬನಗರದಲ್ಲಿರುವ ನಿನ್ನ ಸೋದರತ್ತೆಯನ್ನು ಮೊದಲು ಕರೆ. ಮಕ್ಕಳು ಬೆಂಗಳೂರಲ್ಲಿ, ಅವರು ಒಬ್ಬರಿಗಾಗಿ ಅನ್ನ ಮಾಡಿಕೊಳ್ಳಲು ಬೇಸರಪಟ್ಟು ಬ್ರೆಡ್ಡು ತಿಂದು ಮಲಗುತ್ತಾರೆ. ಹೇಳಿಕೊಳ್ಳುವುದಿಲ್ಲ. ನಮ್ಮ ಊರಿನ ಎಷ್ಟು ಮನೆಗಳಲ್ಲಿ ಹೀಗೆ ಒಬ್ಬೊಬ್ಬರೇ ವಯಸ್ಸಾದವರು ಇದ್ದಾರೆ, ನಿನಗೆ ಅಂದಾಜಿಲ್ಲ. ಭದ್ರಾವತಿಯಿಂದ ನಿನ್ನ ಭಾವ ಬರುತ್ತೇನೆ ಎಂದರೆ ಬೇಗ ಉಣ್ಣಿಸಿ ಬೇಗ ಕಳಿಸು. ಇಪ್ಪತ್ತು ಕಿಲೋಮೀಟರೇ ಆದರೂ ರಾತ್ರಿಯ ದಾರಿ. ನಿನ್ನ ಬೀದಿಯ ಬಾಡಿಗೆ ರೂಮಿನಲ್ಲಿರುವ ಕಾಲೇಜು ಹುಡುಗರನ್ನು ಸರದಿಯ ಮೇಲೆ ಇಬ್ಬಿಬ್ಬರಂತೆ ಕರೆ. ವಾರಾನ್ನದ ಋಣ ತೀರಿಸಲು ಈ ಕಾಲದಲ್ಲಿ ಅದೊಂದು ದಾರಿ. ಅವರು ಎಂಟು ಜನರ ಅನ್ನವನ್ನು ಇಬ್ಬರೇ ಉಣ್ಣುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿ.

ಅಕ್ಕಪಕ್ಕದವರ ಮಾತು ಬಂತು, ಅದನ್ನು ನೇರವಾಗಿಯೇ ಹೇಳುತ್ತೇನೆ. 2023ರ ಅಕ್ಟೋಬರ್ ಮೊದಲ ವಾರ ನಮ್ಮ ರಾಗಿಗುಡ್ಡದ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳಲ್ಲಿ ಬಂತು. ಈದ್ ಮಿಲಾದ್ ಮೆರವಣಿಗೆಯ ದಿನ ಕಲ್ಲು ತೂರಾಟ ನಡೆಯಿತು, ನಿಷೇಧಾಜ್ಞೆ ಹಾಕಿದರು, ಬೀದಿಗೆ ಪೊಲೀಸರು ಬಂದರು. ನೀನು ಆಗ ಇಲ್ಲಿರಲಿಲ್ಲ. ಈಗ ಇಲ್ಲಿ ಮನೆ ಮಾಡಿದ್ದೀಯ, ಈ ಊರಿನ ಒಳ್ಳೆಯದು ಕೆಟ್ಟದ್ದು ಎರಡೂ ನಿನ್ನದೇ. ಊಟ ಹಾಕಿದರೆ ಗಲಭೆ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ, ಅಷ್ಟು ಸುಲಭವಾಗಿದ್ದರೆ ಈ ನಾಡಿನಲ್ಲಿ ಗಲಭೆಯೇ ಇರುತ್ತಿರಲಿಲ್ಲ. ಆದರೆ ನಿನ್ನ ತಟ್ಟೆಯ ಪಕ್ಕ ಕೂತು ಉಂಡ ಹುಡುಗನ ಮೇಲೆ ಬಂದ ಸುಳ್ಳು ಮೆಸೇಜನ್ನು ನೀನು ಮುಂದಕ್ಕೆ ಕಳಿಸುವ ಮುಂಚೆ ಒಂದು ಕ್ಷಣ ನಿಲ್ಲುತ್ತೀಯ. ಅವನಿಗೆ ಫೋನು ಮಾಡಿ ಕೇಳುತ್ತೀಯ. ಅಷ್ಟಾದರೂ ಆಗುತ್ತದೆ, ಅದು ಸಣ್ಣದಲ್ಲ. ನಿನ್ನ ಹಾಗೆ ಬೇಯಿಸದ, ನಿನ್ನ ಹಾಗೆ ಪೂಜೆ ಮಾಡದ ಒಂದು ಮನೆಯವರಾದರೂ ನಿನ್ನ ಬುಧವಾರದಲ್ಲಿ ಇರಲೇಬೇಕು. ಅವರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಮುಂಚೆಯೇ ಕೇಳು. ನಾಚಿಕೊಳ್ಳಬೇಡ. ಅವರು ಕರೆದಾಗ ನೀನೂ ಹೋಗು. ಬರೀ ಕರೆದು, ಹೋಗದೆ ಇರುವುದು ಕೊಬ್ಬು.

ಒಳಗೆ ಕೂತ ಮೇಲೆ ಪಂಕ್ತಿಭೇದ ಬೇಡ. ಹನ್ನೆರಡನೇ ಶತಮಾನದ ಶರಣರ ದಾಸೋಹದಲ್ಲೂ ಹೀಗೆ ಒಟ್ಟಿಗೆ ಕೂತು ಉಣ್ಣುವುದಿತ್ತು. ನಿನ್ನ ಮ್ಯಾನೇಜರು ಬಂದ ದಿನ ಗಾಜಿನ ತಟ್ಟೆ, ಆಟೋದವನು ಬಂದ ದಿನ ಸ್ಟೀಲು ತಟ್ಟೆ ಆದರೆ ನನಗೆ ಸುದ್ದಿ ಬರುತ್ತದೆ, ಕಿವಿ ಹಿಂಡಲು ನಾನೇ ಬರುತ್ತೇನೆ. ಮದುವೆಯನ್ನೇ ಹೂಮಾಲೆ, ನಾಲ್ಕು ಮಾತು ಎಂದು ಸರಳ ಮಾಡಿ ಮಂತ್ರಮಾಂಗಲ್ಯ ಕೊಟ್ಟ ಕುವೆಂಪು ಬೆಳೆದದ್ದು ನಮ್ಮ ಜಿಲ್ಲೆಯ ಕುಪ್ಪಳಿಯಲ್ಲಿ. ಆ ಮಣ್ಣಿನವನಾಗಿ ಒಂದು ರಾತ್ರಿಯೂಟವನ್ನು ಸರಳ ಮಾಡುವುದು ನಿನಗೆ ಕಷ್ಟವಾಗಬಾರದು.

ಒಟ್ಟಿಗೆ ಕೂತವರನ್ನು ಬೆಸೆಯುವುದೂ ನಿನ್ನ ಕೆಲಸವೇ. ಪ್ಯಾರಿಸ್ಸಿನಲ್ಲಿ ಜಿಮ್ ಹೇನ್ಸ್ ಎಂಬ ಅಮೆರಿಕದವನೊಬ್ಬ ಇದ್ದ, 2021ರಲ್ಲಿ ತೀರಿಕೊಂಡ. ದಶಕಗಳ ಕಾಲ ಭಾನುವಾರ ರಾತ್ರಿ ತನ್ನ ಮನೆಯಲ್ಲಿ ಊಟ ಇಟ್ಟು, ಬರುತ್ತೇನೆಂದು ಮೊದಲೇ ತಿಳಿಸಿದ ಅಪರಿಚಿತರನ್ನೂ ಕೂರಿಸಿಕೊಂಡವನು. ಬೇಯಿಸುತ್ತಿದ್ದವರು ಹೆಚ್ಚಾಗಿ ಅವನ ಸ್ನೇಹಿತರು. ಅವನ ಮುಖ್ಯ ಕೆಲಸ: ಬಂದವರ ಹೆಸರು ನೆನಪಿಟ್ಟುಕೊಂಡು ಒಬ್ಬರನ್ನು ಇನ್ನೊಬ್ಬರಿಗೆ ಪರಿಚಯ ಮಾಡಿಕೊಡುವುದು. ಅದು ನನಗೆ ಬಹಳ ಹಿಡಿಸಿತು. ನೀನೂ ಹಾಗೆ ಮಾಡು. ‘ಇವರು ನಮ್ಮ ಅತ್ತೆ, ಉಪ್ಪಿನಕಾಯಿ ಹಾಕುವುದರಲ್ಲಿ ಎತ್ತಿದ ಕೈ. ಇವನು ಎದುರು ಬೀದಿಯವನು, ಮೋಟಾರ್ ರಿಪೇರಿ ಮಾಡುತ್ತಾನೆ’ ಎಂದು ಒಂದೊಂದು ಎಳೆ ಕೊಡು. ಅತ್ತೆಯ ಬಾವಿಯ ಮೋಟಾರ್ ಕೆಟ್ಟು ಕೂತಿರುತ್ತದೆ, ಮಾತು ತಾನಾಗಿ ಹೊರಡುತ್ತದೆ. ಬಾಯಿ ಬಿಡದವರನ್ನು ಬಾಯಿ ಮುಚ್ಚದವರ ಪಕ್ಕ ಕೂರಿಸಬೇಡ, ಪಾಪ, ಅವರು ಉಣ್ಣುವುದನ್ನೂ ಮರೆಯುತ್ತಾರೆ.

ಹೊತ್ತಿನ ಬಗ್ಗೆ ಕಟ್ಟುನಿಟ್ಟು ಮಾಡು. ಏಳೂವರೆಗೆ ಬನ್ನಿ, ಎಂಟಕ್ಕೆ ಊಟ. ಸಕ್ಕರೆ ಕಾಯಿಲೆಯವರನ್ನು ಒಂಬತ್ತೂವರೆವರೆಗೆ ಕಾಯಿಸಿದರೆ ಅವರ ಕೈಕಾಲು ನಡುಗುತ್ತವೆ. ಮಾತ್ರೆ ತೆಗೆದುಕೊಂಡು ಬಂದಿರುತ್ತಾರೆ, ಸಂಕೋಚಕ್ಕೆ ಹೇಳುವುದಿಲ್ಲ. ಯಾರೋ ಒಬ್ಬರು ಬರಲಿಲ್ಲವೆಂದು ಏಳು ಜನರ ಅನ್ನ ತಣ್ಣಗಾಗಬಾರದು. ತಡವಾಗಿ ಬಂದವರು ಬಂದಾಗ ಉಣ್ಣಲಿ. ಹತ್ತರ ಒಳಗೆ ಎಲ್ಲರೂ ಎದ್ದರೆ ಮರುದಿನದ ಕೆಲಸಕ್ಕೆ ಯಾರಿಗೂ ತೊಂದರೆ ಇಲ್ಲ. ಇನ್ನೂ ಕೂತೇ ಇರುವವರು ಒಬ್ಬಿಬ್ಬರು ಇರುತ್ತಾರೆ. ಬಾಳೆಹಣ್ಣು ಕೊಟ್ಟು, ನೀನೇ ಎದ್ದು ಗೇಟಿನವರೆಗೆ ಬಾ. ಮಾತು ಗೇಟಿನ ಹತ್ತಿರ ಮುಂದುವರಿದರೆ ಮುಂದುವರಿಯಲಿ.

ಎರಡು ಸಲ ಉಪಚಾರ ಮಾಡು, ಮೂರನೇ ಸಲ ಸೌಟು ಎತ್ತಬೇಡ. ನಮ್ಮವರು ಒತ್ತಾಯ ಮಾಡಿ ಬಡಿಸುವುದನ್ನೇ ಪ್ರೀತಿ ಎಂದು ತಿಳಿದು ಎಷ್ಟು ಹೊಟ್ಟೆ ಕೆಡಿಸಿದ್ದಾರೋ. ಮಕ್ಕಳಿಗೆ ಮೊದಲೇ ಬಡಿಸಿ ಆಡಲು ಬಿಡು. ಟಿವಿ ಹಾಕಬೇಡ, ಐಪಿಎಲ್ ಫೈನಲ್ ಇದ್ದರೂ. ಫೋನು ಹಿಡಿದು ಸಾರಿನ ಫೋಟೋ ತೆಗೆಯುವ ನಿನ್ನ ಚಾಳಿ ನನಗೆ ಗೊತ್ತು. ಒಂದು ತೆಗೆದು ಜೇಬಿಗೆ ಹಾಕು. ಬಾಟಲಿ ಬೇಡ. ನಾನು ಮಡಿವಂತಿಕೆಗೆ ಹೇಳುತ್ತಿಲ್ಲ. ವಾರದ ನಡುವೆ ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕಾದ ಜನ, ಹೆಂಗಸರು ಮಕ್ಕಳು ಇರುವ ಕೂಟ. ಕುಡಿಯುವವರು ಸೇರಿಕೊಂಡರೆ ಆರು ವಾರದಲ್ಲಿ ಅದು ಅವರದ್ದೇ ಕೂಟವಾಗುತ್ತದೆ, ಸೋದರತ್ತೆ ಬರುವುದನ್ನು ನಿಲ್ಲಿಸುತ್ತಾರೆ. ಬಾರದವರ ವಿಷಯ ಆಡಿಕೊಳ್ಳುವುದಕ್ಕೂ ಎಡೆ ಕೊಡಬೇಡ. ಈ ವಾರ ಬಾರದವರ ಬಗ್ಗೆ ಆಡಿದ ಮಾತು ಮುಂದಿನ ಬುಧವಾರಕ್ಕಿಂತ ಮುಂಚೆ ಅವರ ಕಿವಿ ಸೇರುತ್ತದೆ.

ಯಾರಾದರೂ ‘ಏನು ತರಲಿ’ ಎಂದರೆ ‘ಏನೂ ಬೇಡ’ ಎನ್ನಬೇಡ. ತರುವುದರಲ್ಲಿ ಅವರಿಗೂ ಒಂದು ಮರ್ಯಾದೆ ಇದೆ. ‘ಮೊಸರು ತನ್ನಿ’ ಎನ್ನು, ‘ನಿಮ್ಮ ತೋಟದ ಬಾಳೆಹಣ್ಣು ತನ್ನಿ’ ಎನ್ನು. ತಂದದ್ದನ್ನು ಫ್ರಿಜ್ಜಿನಲ್ಲಿ ಇಟ್ಟುಬಿಡದೆ ಅವತ್ತೇ ಎಲ್ಲರಿಗೂ ಬಡಿಸು, ಯಾರು ತಂದದ್ದೆಂದು ಹೇಳು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬೇಡ, ನಾಲ್ಕು ನಿಂಬೆಹಣ್ಣಾದರೂ ಹಾಕಿಕೊಡು. ಕಾಯಿಲೆಯಲ್ಲಿ ಬಾರದೆ ಇದ್ದವರಿಗೆ ಒಂದು ಬಟ್ಟಲು ಸಾರು ಮನೆಗೆ ತಲುಪಿಸು. ಖರ್ಚಿನ ಲೆಕ್ಕವನ್ನು ಇಬ್ಬರೂ ಕೂತು ತಿಂಗಳಿಗೊಮ್ಮೆ ನೋಡಿ. ಅನ್ನ ಸಾರಿಗೆ ಸಾಲ ಮಾಡಬೇಕಾಗಿ ಬರುವುದಿಲ್ಲ, ಪನ್ನೀರು ಜಾಮೂನಿಗೆ ಬರುತ್ತದೆ. ಕೈ ಬಿಗಿಯಾದ ತಿಂಗಳು ಗಂಜಿ, ಚಟ್ನಿ ಮಾಡು. ಬಂದವರು ಅದಕ್ಕೆ ಮುಖ ಸಿಂಡರಿಸಿದರೆ ಅವರು ಅನ್ನಕ್ಕೆ ಬಂದವರು, ನಿನಗಾಗಿ ಬಂದವರಲ್ಲ. ಅದೂ ಗೊತ್ತಾಗಲಿ.

ನಿಲ್ಲಿಸಬೇಕಾದಲ್ಲಿ ನಿಲ್ಲಿಸುವುದನ್ನೂ ಕಲಿ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ಬಂದಾಗ ಊರಿಗೆ ಊರೇ ನೆಂಟರಿಂದ ತುಂಬಿರುತ್ತದೆ, ಆ ವಾರ ನಿನ್ನ ಊಟ ಯಾರಿಗೂ ಬೇಡ. ಮಾರ್ಚಿನಲ್ಲಿ ಪರೀಕ್ಷೆಯ ಮಕ್ಕಳಿರುವ ಮನೆಯವರು ಬರುವುದಿಲ್ಲ, ತಪ್ಪು ತಿಳಿಯಬೇಡ. ಸಾವು ನೋವು ಆದ ಮನೆಯವರನ್ನು ಕೆಲವು ವಾರ ಬಿಟ್ಟು, ನೀನೇ ಹೋಗಿ ಕರೆದುಕೊಂಡು ಬಾ. ಅವರು ಮತ್ತೆ ಜನರ ನಡುವೆ ಕೂರಲು ಅಂಜುತ್ತಿರುತ್ತಾರೆ, ಬರೀ ಮೆಸೇಜಿಗೆ ಎದ್ದು ಬರುವುದಿಲ್ಲ. ಕೆಲವು ಬುಧವಾರ ಇಬ್ಬರೇ ಬರುತ್ತಾರೆ. ನಿನಗೆ ಅವಮಾನ ಎನಿಸುತ್ತದೆ, ಮುಂದಿನ ವಾರ ನಿಲ್ಲಿಸೋಣ ಎನಿಸುತ್ತದೆ. ಅವತ್ತೇ ನಿನ್ನ ನಿಜವಾದ ಪರೀಕ್ಷೆ. ಆ ಇಬ್ಬರಿಗೆ ಎಂಟು ಜನಕ್ಕೆ ಬಡಿಸುವಷ್ಟೇ ಪ್ರೀತಿಯಿಂದ ಬಡಿಸು. ಜನ ಕಡಿಮೆ ಇದ್ದ ರಾತ್ರಿಯೇ ಒಬ್ಬರು ತಮ್ಮ ಕಷ್ಟ ಬಾಯಿಬಿಟ್ಟು ಹೇಳುತ್ತಾರೆ. ಎಂಟು ಜನರ ನಡುವೆ ಯಾರೂ ಹೇಳುವುದಿಲ್ಲ.

ಈಗ ಆ ಇಪ್ಪತ್ತರ ಪಟ್ಟಿ ಹರಿದು ಹಾಕು. ಬರುವ ಬುಧವಾರ ನಾಲ್ಕೇ ಜನರನ್ನು ಕರೆ: ಸೋದರತ್ತೆ, ಎಡಪಕ್ಕದ ಮನೆಯ ಗಂಡ ಹೆಂಡತಿ, ರೂಮಿನ ಹುಡುಗರಲ್ಲಿ ಒಬ್ಬ. ಬೇಳೆಸಾರು, ಬೀನ್ಸ್ ಪಲ್ಯ, ಮಜ್ಜಿಗೆ. ಸಾರು ನೀನೇ ಮಾಡು, ಒಗ್ಗರಣೆಗೆ ಇಂಗು ಮರೆಯಬೇಡ. ನನ್ನನ್ನು ಈಗಲೇ ಕರೆಯಬೇಡ. ಆರು ತಿಂಗಳು ಬಿಡದೆ ನಡೆಸಿದ ಮೇಲೆ ಫೋನು ಮಾಡು, ಬಂದು ನೀನು ಬಡಿಸಿದ್ದು ಉಣ್ಣುತ್ತೇನೆ.